ಎಷ್ಟು ಉದ್ದದ ವೈರು ಬೇಕು?

ರಿಮೋಟ್ ಮಾಡೆಲುಗಳಲ್ಲಿ ರೆಕ್ಕೆಪಟ್ಟಿ, ಚುಕ್ಕಾಣಿಗಳನ್ನು ತಿರುಗಿಸುವ ಸರ್ವೋ ಎಂಬ ಪುಟ್ಟ ಯಂತ್ರದ ಜೊತೆ ಬರುವ ಮೂರೆಳೆಯ ವೈರು ನಿಮ್ಮ ಮಾಡೆಲಿಗೆ ತಕ್ಕ ಅಳತೆಯಲ್ಲಿ ಇರುವುದೇ ಅಪರೂಪ. ನೀವು ವಿಮಾನ ಮಾಡುತ್ತೀರೋ, ದೋಣಿ ಮಾಡುತ್ತೀರೋ, ಕಾರು ಮಾಡುತ್ತೀರೋ ಕಾರ್ಖಾನೆಯವರಿಗೆ ಗೊತ್ತಿರುವುದಿಲ್ಲ. ಎಲ್ಲರಿಗೂ ಸಾಕಾಗಲಿ ಅಂತ ಒಂದು ಗೇಣು ಉದ್ದ ಬಿಟ್ಟು ಕಳಿಸುತ್ತಾರೆ. ಪುಟ್ಟ ವಿಮಾನದಲ್ಲಿ ಸರ್ವೋಗೂ ರಿಮೋಟಿನ ಆಜ್ಞೆ ಹಿಡಿಯುವ ರಿಸೀವರಿಗೂ ನಡುವೆ ನಾಲ್ಕು ಬೆರಳಿನ ಅಂತರವಿದ್ದರೆ ಉಳಿದ ವೈರನ್ನೆಲ್ಲ ಸುತ್ತಿ, ಮಡಚಿ, ಟೇಪು ಹಚ್ಚಿ ಒಳಗೆ ತುರುಕಬೇಕು. ಮುಚ್ಚಳ ಕೂರುವುದಿಲ್ಲ. ಬ್ಯಾಟರಿಗೆ ಜಾಗ ಸಿಗುವುದಿಲ್ಲ.

ಬನಶಂಕರಿಯಲ್ಲಿರುವ ನನ್ನ ಅಕ್ಕನ ಮಗಳು ಸನ್‌ಪ್ಯಾಕ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ ವಿಮಾನ ಮಾಡುವಾಗ ಕೇಳಿದ್ದು ಇದನ್ನೇ. "ಮಾಮ, ಈ ವೈರನ್ನ ಕತ್ತರಿಸಿಬಿಡ್ಲಾ? ಕತ್ತರಿಸಿದ್ರೆ ಸರ್ವೋ ಬೇಗ ತಿರುಗತ್ತಾ?"

"ಕತ್ತರಿಸೋಣ ಪುಟ್ಟಿ. ಅದಕ್ಕೆ ಮೊದಲು ಆ ವೈರೊಳಗೆ ಏನು ಹೋಗ್ತಿದೆ ನೋಡೋಣ" ಅಂದೆ. ಅವಳ ಎರಡನೇ ಪ್ರಶ್ನೆ ತುಂಬ ಒಳ್ಳೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಸಣ್ಣ ಮಾಡೆಲುಗಳಲ್ಲಿ ಹೆಚ್ಚಾಗಿ ಬಳಸುವ ಸರ್ವೋ ಸುಮಾರು 22 ಮಿ.ಮೀ. ಉದ್ದ, 12 ಮಿ.ಮೀ. ಅಗಲದ ಪ್ಲಾಸ್ಟಿಕ್ ಡಬ್ಬಿ. ತೂಕ 9 ಗ್ರಾಂ, ಅದಕ್ಕೇ ಅಂಗಡಿಯಲ್ಲಿ "ನೈನ್ ಗ್ರಾಂ ಸರ್ವೋ" ಅಂತಲೇ ಕೇಳುತ್ತಾರೆ. ಡಬ್ಬಿಯೊಳಗೆ ಒಂದು ಪುಟಾಣಿ ಮೋಟಾರು, ಅದರ ವೇಗ ತಗ್ಗಿಸಿ ಬಲ ಹೆಚ್ಚಿಸುವ ನಾಲ್ಕೈದು ಗೇರುಗಳು, ಒಂದು ಚಿಕ್ಕ ಸರ್ಕಿಟ್, ಮತ್ತೆ ಪೊಟೆನ್ಶಿಯೋಮೀಟರ್ ಎಂಬ ಒಂದು ಭಾಗ. ಮೇಲಿನ ತೋಳು ಈಗ ಯಾವ ಕೋನದಲ್ಲಿದೆ ಅನ್ನುವುದನ್ನು ಈ ಪೊಟೆನ್ಶಿಯೋಮೀಟರ್ ಸದಾ ಹೇಳುತ್ತಿರುತ್ತದೆ. "ಇಲ್ಲಿರಬೇಕು" ಎಂಬ ಆಜ್ಞೆ ಒಂದು ಕಡೆಯಿಂದ, "ಇಲ್ಲಿದ್ದೇನೆ" ಎಂಬ ವರದಿ ಇನ್ನೊಂದು ಕಡೆಯಿಂದ. ಎರಡಕ್ಕೂ ವ್ಯತ್ಯಾಸ ಇರುವವರೆಗೆ ಸರ್ಕಿಟ್ ಮೋಟಾರನ್ನು ತಿರುಗಿಸುತ್ತದೆ, ವ್ಯತ್ಯಾಸ ಹೋದಾಗ ನಿಲ್ಲಿಸುತ್ತದೆ.

ದೊಡ್ಡ ವಿಮಾನಗಳಲ್ಲೂ ಇದೇ ತತ್ವ ನಡೆಯುತ್ತದೆ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಇಲ್ಲಿಂದಲೇ ಮೊದಲ ಸಲ ಹಾರಿತು. ಪೈಲಟ್ ಹಿಡಿದ ಕೋಲಿನಿಂದ ರೆಕ್ಕೆಯವರೆಗೆ ಅದರಲ್ಲಿ ಸಲಾಕೆಯಾಗಲಿ ಎಳೆಯುವ ಹಗ್ಗವಾಗಲಿ ಇಲ್ಲ. ಕೋಲು ಎಷ್ಟು ಬಾಗಿತು ಎಂಬ ಸುದ್ದಿ ವೈರಿನಲ್ಲಿ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರಿನ ಆಜ್ಞೆ ಮತ್ತೆ ವೈರಿನಲ್ಲೇ ರೆಕ್ಕೆಗೆ ಬರುತ್ತದೆ. ಈ ವ್ಯವಸ್ಥೆಯನ್ನು ಫ್ಲೈ-ಬೈ-ವೈರ್ ಅನ್ನುತ್ತಾರೆ. ಒಂದು ದಾರಿ ಕೆಟ್ಟರೂ ವಿಮಾನ ಬೀಳಬಾರದೆಂದು ತೇಜಸ್‌ನಲ್ಲಿ ಇಂಥ ನಾಲ್ಕು ದಾರಿಗಳನ್ನು ಇಟ್ಟಿದ್ದಾರೆ. ರೆಕ್ಕೆಯ ಪಟ್ಟಿಗಳನ್ನು ತಳ್ಳುವುದು ಮಾತ್ರ ಪುಟ್ಟ ಮೋಟಾರಿನ ಕೈಲಾಗದ ಕೆಲಸ, ಅಲ್ಲಿ ಎಣ್ಣೆಯ ಒತ್ತಡ ಬೇಕು. ನಿಮ್ಮ ಸನ್‌ಪ್ಯಾಕ್ ವಿಮಾನಕ್ಕೆ ಇರುವುದು ಒಂದೇ ದಾರಿ. ಆ ಒಂದು ವೈರನ್ನು ಚೆನ್ನಾಗಿ ನೋಡಿಕೊಳ್ಳಬೇಕು.

ಈಗ ಮೂರು ಎಳೆಗಳನ್ನು ನೋಡಿ. ನಡುವಿನದು ಕೆಂಪು, ಬ್ಯಾಟರಿಯ ಧನ ತುದಿಯಿಂದ ಬರುವುದು. ಒಂದು ಪಕ್ಕದಲ್ಲಿ ಕಂದು ಅಥವಾ ಕಪ್ಪು, ಅದು ಋಣ ತುದಿಗೆ ಹೋಗುವುದು. ಇನ್ನೊಂದು ಪಕ್ಕದ್ದು ಕಿತ್ತಳೆ, ಹಳದಿ ಅಥವಾ ಬಿಳಿ. ಆಜ್ಞೆ ಬರುವುದು ಇದರಲ್ಲಿ. ಕೆಂಪನ್ನು ನಡುವೆ ಇಟ್ಟವರ ಬುದ್ಧಿಯನ್ನು ಮೆಚ್ಚಬೇಕು. ಕನೆಕ್ಟರನ್ನು ಗಡಿಬಿಡಿಯಲ್ಲಿ ತಿರುವುಮುರುವಾಗಿ ಚುಚ್ಚಿದರೂ ಕೆಂಪು ಕೆಂಪಿಗೇ ಸೇರುತ್ತದೆ. ಸರ್ವೋ ಸುಮ್ಮನೆ ಕೂರುತ್ತದೆ, ಸಾಮಾನ್ಯವಾಗಿ ಸುಡುವುದಿಲ್ಲ.

ಕಿತ್ತಳೆ ಎಳೆಯಲ್ಲಿ ಬರುವ ಆಜ್ಞೆ ಬಹಳ ಸರಳ. ವೋಲ್ಟೇಜು ಒಮ್ಮೆ ಮೇಲೇರಿ, ಸ್ವಲ್ಪ ಹೊತ್ತು ನಿಂತು, ಇಳಿಯುತ್ತದೆ. ಎಷ್ಟು ಹೊತ್ತು ನಿಂತಿತು ಅನ್ನುವುದೇ ಆಜ್ಞೆ. ಒಂದು ಮಿಲಿಸೆಕೆಂಡು ನಿಂತರೆ ತೋಳು ಒಂದು ಕೊನೆಗೆ, ಎರಡು ಮಿಲಿಸೆಕೆಂಡು ನಿಂತರೆ ಇನ್ನೊಂದು ಕೊನೆಗೆ, ಒಂದೂವರೆ ನಿಂತರೆ ನಟ್ಟನಡುವಿಗೆ. ಸೆಕೆಂಡಿಗೆ ಸುಮಾರು 50 ಸಲ ಈ ಆಜ್ಞೆ ಮತ್ತೆ ಮತ್ತೆ ಬರುತ್ತಿರುತ್ತದೆ. ಮಿಲಿಸೆಕೆಂಡು ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು.

ಈಗ ಅವಳ ಎರಡನೇ ಪ್ರಶ್ನೆ. ವೈರು ಗಿಡ್ಡವಾದರೆ ಆಜ್ಞೆ ಬೇಗ ತಲುಪುವುದಿಲ್ಲವೇ? ತಲುಪುತ್ತದೆ, ನಿಜ. ಅಮೆರಿಕದ ನೌಕಾಪಡೆಯಲ್ಲಿದ್ದ ಗ್ರೇಸ್ ಹಾಪರ್ ಎಂಬ ಕಂಪ್ಯೂಟರ್ ವಿಜ್ಞಾನಿ ತಮ್ಮ ಭಾಷಣ ಕೇಳಲು ಬಂದವರಿಗೆ ಸುಮಾರು 30 ಸೆಂ.ಮೀ. ಉದ್ದದ ವೈರಿನ ತುಂಡು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, ಬೆಳಕು ಅಷ್ಟು ದೂರ ಹೋಗುತ್ತದೆ. ಕಂಪ್ಯೂಟರಿಗೆ ಈ ಲೆಕ್ಕ ಪ್ರಾಣಕ್ಕೆ ಸಮಾನ. 1976ರಲ್ಲಿ ಬಂದ ಕ್ರೇ-1 ಎಂಬ ಸೂಪರ್ ಕಂಪ್ಯೂಟರನ್ನು ಮೇಲಿನಿಂದ ನೋಡಿದರೆ ಒಂದು ಪಕ್ಕ ತೆರೆದ ಉಂಗುರದ ಆಕಾರ. ಭಾಗಗಳೆಲ್ಲ ಒಳಮುಖವಾಗಿ ಹತ್ತಿರ ಹತ್ತಿರ ಬಂದು ವೈರುಗಳು ಗಿಡ್ಡವಾಗಲಿ ಎಂದು ಹಾಗೆ ಕಟ್ಟಿದರು. ಅದರಲ್ಲಿ ಯಾವ ವೈರೂ ನಾಲ್ಕು ಅಡಿ ಮೀರಿರಲಿಲ್ಲ.

ಸರ್ವೋದ ಲೆಕ್ಕ ಬೇರೆ. ನೀವು ವೈರಿನಿಂದ 15 ಸೆಂ.ಮೀ. ಕತ್ತರಿಸಿದರೆ ಉಳಿಯುವ ಸಮಯ ಒಂದು ನ್ಯಾನೋಸೆಕೆಂಡಿಗೂ ಕಡಿಮೆ. ಆಜ್ಞೆಯ ಉದ್ದ ಒಂದೂವರೆ ಮಿಲಿಸೆಕೆಂಡು, ಅಂದರೆ 15 ಲಕ್ಷ ನ್ಯಾನೋಸೆಕೆಂಡು! ಹದಿನೈದು ಲಕ್ಷದಲ್ಲಿ ಒಂದು ಹೋದರೆ ಸರ್ವೋಗೆ ಗೊತ್ತೂ ಆಗುವುದಿಲ್ಲ. ಬೇಗ ತಿರುಗಲಿ ಅಂತ ಯಾರಾದರೂ ವೈರು ಕತ್ತರಿಸಿದರೆ ಅವರಿಗೆ ಈ ಲೆಕ್ಕ ಹೇಳಿ.

ಹಾಗಾದರೆ ಉದ್ದದಿಂದ ನಷ್ಟವೇ ಇಲ್ಲವೇ? ಇದೆ. ಕಾವೇರಿ ನೀರು ಬಿಟ್ಟ ದಿನ ಬೀದಿಯ ಮೊದಲ ಮನೆಯ ಸಂಪಿಗೆ ಭರ್ರನೆ ಬೀಳುವ ನೀರು ಕೊನೆಯ ಮನೆಗೆ ಬರುವಷ್ಟರಲ್ಲಿ ಸಣ್ಣ ಧಾರೆಯಾಗುವುದನ್ನು ನೀವು ನೋಡಿರಬಹುದು. ಪೈಪು ಉದ್ದವಾದಷ್ಟೂ, ಸಪೂರವಾದಷ್ಟೂ ಒತ್ತಡ ತಗ್ಗುತ್ತದೆ. ವೈರಿನಲ್ಲಿ ವೋಲ್ಟೇಜಿಗೂ ಹೀಗೇ ಆಗುತ್ತದೆ. ತಾಮ್ರ ಎಷ್ಟೇ ಒಳ್ಳೆಯ ವಾಹಕವಾದರೂ ಸ್ವಲ್ಪ ರೋಧ ಇದ್ದೇ ಇರುತ್ತದೆ. ಸಣ್ಣ ಸರ್ವೋಗಳಿಗೆ ಬಳಸುವಂಥ 28 ಗೇಜಿನ ತಾಮ್ರದ ವೈರಿಗೆ ಒಂದು ಮೀಟರಿಗೆ ಸುಮಾರು 0.21 ಓಮ್ ರೋಧ. ಓಮ್‌ನ ನಿಯಮ ಶಾಲೆಯಲ್ಲಿ ಕಲಿತಿದ್ದರೆ ಈಗಲೇ ಬಳಸಿ: ವಿದ್ಯುತ್ ಪ್ರವಾಹವನ್ನು ರೋಧದಿಂದ ಗುಣಿಸಿದರೆ ನಡುದಾರಿಯಲ್ಲಿ ಕಳೆದುಹೋಗುವ ವೋಲ್ಟೇಜು ಸಿಗುತ್ತದೆ. ಒಂದು ವಿಷಯ ನೆನಪಿಡಿ, ವಿದ್ಯುತ್ತು ಕೆಂಪಿನಲ್ಲಿ ಹೋಗಿ ಕಂದಿನಲ್ಲಿ ವಾಪಸ್ಸು ಬರಬೇಕು. ಆದ್ದರಿಂದ ಉದ್ದವನ್ನು ಎರಡರಿಂದ ಗುಣಿಸಬೇಕು.

25 ಸೆಂ.ಮೀ. ವೈರು, ತೋಳು ಅಡ್ಡಿಗೆ ಸಿಕ್ಕಿ ಒದ್ದಾಡುವಾಗ 0.7 ಆಂಪಿಯರ್ ಹರಿಯಿತು ಎನ್ನಿ. ಹೋಗಿ ಬರುವ ದಾರಿ ಅರ್ಧ ಮೀಟರು, ರೋಧ ಸುಮಾರು 0.1 ಓಮ್, ನಷ್ಟ 0.07 ವೋಲ್ಟ್. ಏನೇನೂ ಅಲ್ಲ. ಪುಟ್ಟ ವಿಮಾನದಲ್ಲಿ ವಿದ್ಯುತ್ತಿನ ಕಾರಣಕ್ಕೆ ವೈರು ಕತ್ತರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. ದೊಡ್ಡ ಮಾಡೆಲಿನ ಬಾಲದಲ್ಲಿ ಕೂತ ಬಲವಾದ ಸರ್ವೋದ ಕಥೆ ಬೇರೆಯೇ. ಅದಕ್ಕೆ ಒಂದು ಮೀಟರು ಅದೇ ತೆಳು ವೈರು ಎಳೆದು, ಅದು 3 ಆಂಪಿಯರ್ ಕೇಳಿದರೆ ನಷ್ಟ 1.26 ವೋಲ್ಟ್. 6 ವೋಲ್ಟ್ ಕೊಟ್ಟರೆ ಬಾಲ ಸೇರುವುದು ಐದೂ ಇಲ್ಲ. ಗಾಳಿಯ ಒತ್ತಡಕ್ಕೆ ಎದುರಾಗಿ ಬಲ ಹಾಕಬೇಕಾದ ಹೊತ್ತಿನಲ್ಲೇ ಸರ್ವೋ ಸೊರಗುತ್ತದೆ. ಆಗ 22 ಗೇಜಿನ ವೈರು ಹಾಕಬೇಕು. ಗೇಜಿನ ಸಂಖ್ಯೆ ಇಳಿದಂತೆ ವೈರು ದಪ್ಪವಾಗುತ್ತದೆ, ಆರು ಅಂಕೆ ಇಳಿದರೆ ದಪ್ಪ ಸುಮಾರು ಎರಡರಷ್ಟು. ದಪ್ಪ ಎರಡರಷ್ಟಾದರೆ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕರಷ್ಟು, ರೋಧ ಕಾಲುಭಾಗ. ನಷ್ಟ ಒಂದು ವೋಲ್ಟಿನ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಉದ್ದ ವೈರಿನ ಈ ತಾಪತ್ರಯವನ್ನು ನಮ್ಮ ರಾಜ್ಯ ನೂರಿಪ್ಪತ್ತು ವರ್ಷಗಳ ಹಿಂದೆಯೇ ಎದುರಿಸಿದೆ. 1902ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ವಿದ್ಯುತ್ತು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ದೂರ ಸುಮಾರು 147 ಕಿ.ಮೀ. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅಲ್ಲಿ ವೈರು ಗಿಡ್ಡ ಮಾಡುವ ಮಾತೇ ಇರಲಿಲ್ಲ, ಜಲಪಾತವನ್ನೂ ಗಣಿಯನ್ನೂ ಯಾರೂ ಸರಿಸಲಾರರು. ಅದಕ್ಕೆ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರು. ವೋಲ್ಟೇಜು ಹತ್ತರಷ್ಟಾದರೆ ಅದೇ ಶಕ್ತಿ ಕಳಿಸಲು ಪ್ರವಾಹ ಹತ್ತನೇ ಒಂದು ಭಾಗ ಸಾಕು, ದಾರಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು ಇದೇ ಶಿವನಸಮುದ್ರದ ವಿದ್ಯುತ್ತಿನಿಂದ.

ಪುಟ್ಟ ವಿಮಾನದಲ್ಲಿ ವೈರು ಗಿಡ್ಡ ಮಾಡಲು ನಿಜವಾದ ಕಾರಣ ತೂಕ. ನೀವೇ ಪರೀಕ್ಷಿಸಬಹುದು. ಒಂದು ಗ್ರಾಮಿನ ಹತ್ತನೇ ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಿಕ್ಕರೆ ಕತ್ತರಿಸಿದ ತುಂಡುಗಳನ್ನೆಲ್ಲ ಅದರ ಮೇಲೆ ಇಡಿ. ಮೂರೆಳೆ ವೈರು 15 ಸೆಂ.ಮೀ. ಹೋದರೆ ಸುಮಾರು ಒಂದು ಗ್ರಾಂ ಉಳಿಯುತ್ತದೆ. ಅದರಲ್ಲಿ ತಾಮ್ರ ಮೂರನೇ ಒಂದು ಭಾಗ ಮಾತ್ರ, ಉಳಿದದ್ದು ಮೇಲಿನ ಪ್ಲಾಸ್ಟಿಕ್ ಹೊದಿಕೆ! ನಾಲ್ಕು ಸರ್ವೋಗೆ ನಾಲ್ಕು ಗ್ರಾಂ. ಒಟ್ಟು 150 ಗ್ರಾಮಿನ ವಿಮಾನಕ್ಕೆ ಇದು ಸಣ್ಣ ಮಾತಲ್ಲ.

ಆ ತೂಕ ಎಲ್ಲಿದೆ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ಮುಖ್ಯ. ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳಿನ ಮೇಲೆ ನಿಲ್ಲಿಸಿದಾಗ ಅದು ಸಮತೋಲನದಲ್ಲಿ ನಿಲ್ಲುವ ಒಂದು ಜಾಗವಿದೆ, ಅದು ಗುರುತ್ವಕೇಂದ್ರ. ಬಾಲ ಭಾರವಾದರೆ ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆ. ತೂಕವನ್ನು ದೂರದಿಂದ ಗುಣಿಸಿದ್ದು ಎರಡೂ ಕಡೆ ಸಮನಾಗಿರಬೇಕು. ಗುರುತ್ವಕೇಂದ್ರದಿಂದ 60 ಸೆಂ.ಮೀ. ಹಿಂದೆ, ಬಾಲದ ಬಳಿ, ಒಂದು ಗ್ರಾಂ ಹೆಚ್ಚುವರಿ ವೈರನ್ನು ಸುತ್ತಿ ಇಟ್ಟಿರಿ ಎನ್ನಿ. ಅದನ್ನು ಸರಿದೂಗಿಸಲು 20 ಸೆಂ.ಮೀ. ಮುಂದಿರುವ ಮೂಗಿನಲ್ಲಿ ಮೂರು ಗ್ರಾಂ ಇಡಬೇಕು. ಬೇಡದ ಒಂದು ಗ್ರಾಂ ಈಗ ನಾಲ್ಕು ಗ್ರಾಂ ಆಯಿತು. ಅದಕ್ಕೇ ಬಾಲದ ಕಡೆಯಿಂದ ಕತ್ತರಿಸಿದ ಒಂದೊಂದು ಸೆಂಟಿಮೀಟರಿಗೂ ಬೆಲೆ ಇದೆ.

ಇಷ್ಟು ಕೇಳಿದ ಮೇಲೆ ಕೈ ತುರಿಸುತ್ತದೆ, ಕಂಡ ವೈರನ್ನೆಲ್ಲ ಕತ್ತರಿಸೋಣ ಅನಿಸುತ್ತದೆ. ನಿಲ್ಲಿ! ರಿಸೀವರಿನಿಂದ ಒಂಟಿಯಾಗಿ ಹೊರಬರುವ ಸಪೂರ ವೈರೊಂದಿದೆ. ಎಲ್ಲಿಗೂ ಜೋಡಿಸದೆ ಸುಮ್ಮನೆ ನೇತಾಡುವ ಅದು ದಂಡ ಅನಿಸಬಹುದು. ಅದು ಆಂಟೆನಾ. ಅದನ್ನು ಮುಟ್ಟಬೇಡಿ.

ಇಂದಿನ ರಿಮೋಟುಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಮನೆಯ ವೈಫೈ ಬಳಸುವ ಪಟ್ಟಿಯೇ ಅದು. ಈ ರೇಡಿಯೋ ಅಲೆಯ ಉದ್ದ 12.5 ಸೆಂ.ಮೀ., ಅದರ ಕಾಲುಭಾಗ 31 ಮಿ.ಮೀ. ಆಂಟೆನಾದ ತುದಿಯಲ್ಲಿ ಹೊರಕವಚ ಇಲ್ಲದ ಭಾಗವನ್ನು ಸ್ಕೇಲಿಟ್ಟು ಅಳೆದು ನೋಡಿ, ಸುಮಾರು ಅಷ್ಟೇ ಇರುತ್ತದೆ. ಅಲೆಯ ಉದ್ದಕ್ಕೆ ಹೊಂದುವಂತೆ ಕತ್ತರಿಸಿದ ತಂತಿ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಒಂದು ಸೆಂಟಿಮೀಟರು ಕತ್ತರಿಸಿದಿರೋ, ವಿಮಾನ ಸ್ವಲ್ಪ ದೂರ ಹೋಗುತ್ತಲೇ ನಿಮ್ಮ ಮಾತು ಅದಕ್ಕೆ ಕೇಳಿಸುವುದಿಲ್ಲ. ಹಳೆಯ ಕಾಲದ 72 ಮೆಗಾಹರ್ಟ್ಸ್ ರಿಸೀವರುಗಳಿಗೆ ಇದೇ ಲೆಕ್ಕದಲ್ಲಿ ಒಂದು ಮೀಟರಿನಷ್ಟು ಉದ್ದದ ಆಂಟೆನಾ ಬೇಕಿತ್ತು.

ಆಂಟೆನಾ ಆಗಲು ಅಪ್ಪಣೆ ಬೇಕಿಲ್ಲ, ಉದ್ದ ವೈರು ಯಾವುದಾದರೂ ಅಷ್ಟಿಷ್ಟು ಆಂಟೆನಾ ಆಗಿಯೇ ಇರುತ್ತದೆ. ಹಾರಾಟದ ಮೋಟಾರಿನ ವೈರುಗಳಲ್ಲಿ ಪ್ರವಾಹ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಪಕ್ಕದಲ್ಲೇ ಹಾದುಹೋಗುವ ಉದ್ದನೆಯ ಸರ್ವೋ ವೈರಿನಲ್ಲಿ ಅದು ಗದ್ದಲ ಎಬ್ಬಿಸಬಹುದು. ಆಗ ಸರ್ವೋ ಕಾರಣವಿಲ್ಲದೆ ನಡುಗುತ್ತದೆ. ಎರಡನ್ನೂ ದೂರ ಇಡಿ. ದೂರ ಇಡಲು ಜಾಗವಿಲ್ಲದಿದ್ದರೆ ಸರ್ವೋದ ಮೂರೆಳೆಗಳನ್ನು ಒಂದಕ್ಕೊಂದು ಹುರಿ ಹಾಕಿ. ಹುರಿಯ ಒಂದು ಸುತ್ತಿನಲ್ಲಿ ಹುಟ್ಟಿದ ಗದ್ದಲವನ್ನು ಮುಂದಿನ ಸುತ್ತು ಬಹುಮಟ್ಟಿಗೆ ಅಳಿಸಿಹಾಕುತ್ತದೆ.

ಕಡಿಮೆ ಕತ್ತರಿಸಿದರೆ ಇನ್ನೊಮ್ಮೆ ಕತ್ತರಿಸಬಹುದು. ಹೆಚ್ಚು ಕತ್ತರಿಸಿದರೆ ತಾಪತ್ರಯ. ಏರ್‌ಬಸ್ ಎ380 ಎಂಬ ಎರಡು ಮಹಡಿಯ ದೈತ್ಯ ವಿಮಾನದಲ್ಲಿ 500 ಕಿ.ಮೀ.ಗೂ ಹೆಚ್ಚು ವೈರು ಇದೆ. ಅದರ ಭಾಗಗಳು ಜರ್ಮನಿಯ ಹ್ಯಾಂಬರ್ಗಿನಿಂದ ಫ್ರಾನ್ಸಿನ ತುಲೂಸಿಗೆ ಬಂದಾಗ ಹಲವೆಡೆ ವೈರುಗಳು ಗಿಡ್ಡವಾಗಿದ್ದವು, ಕೊನೆ ಮುಟ್ಟಲೇ ಇಲ್ಲ. ಎರಡು ಊರಿನ ಎಂಜಿನಿಯರುಗಳು ನಕ್ಷೆ ಬರೆಯಲು ಒಂದೇ ಸಾಫ್ಟ್‌ವೇರಿನ ಬೇರೆಬೇರೆ ಆವೃತ್ತಿ ಬಳಸಿದ್ದರು, ಲೆಕ್ಕಗಳು ಹೊಂದಲಿಲ್ಲ. ವಿಮಾನ ಗಿರಾಕಿಗಳ ಕೈ ಸೇರುವುದು ಎರಡು ವರ್ಷದಷ್ಟು ತಡವಾಯಿತು. ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸಿಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ.

ಅದಕ್ಕೇ ಅಳತೆ ಹಿಡಿಯುವಾಗ ನೇರ ದೂರ ನೋಡಬೇಡಿ. ಒಂದು ದಾರವನ್ನು ವೈರು ಹೋಗಬೇಕಾದ ದಾರಿಯಲ್ಲೇ, ವಿಮಾನದ ಒಳಗೋಡೆಗೆ ಒತ್ತಿಕೊಂಡು, ಮೂಲೆಗಳನ್ನು ಬಳಸಿ ಹಾಯಿಸಿ. ರಿಸೀವರನ್ನು ಹೊರಗೆ ತೆಗೆದು ಕನೆಕ್ಟರ್ ಕೀಳುವಷ್ಟು ಸಡಿಲ ಇರಲಿ. ಅದರ ಮೇಲೆ ಎರಡು ಮೂರು ಸೆಂಟಿಮೀಟರು ಬಿಟ್ಟು ಗುರುತು ಹಾಕಿ. ಬಿಗಿಯಾಗಿ ಎಳೆದ ವೈರು ವಿಮಾನ ದಡಾರನೆ ಇಳಿದಾಗ ಕನೆಕ್ಟರನ್ನೇ ಕಿತ್ತುಕೊಂಡು ಬರುತ್ತದೆ.

ಕತ್ತರಿಸುವುದಕ್ಕೆ ಎರಡು ದಾರಿ. ಒಂದು, ತುದಿಯಲ್ಲಿ ಕತ್ತರಿಸಿ ಹೊಸ ಲೋಹದ ಟರ್ಮಿನಲ್ ಹಾಕಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತುವುದು. ಸರಿಯಾಗಿ ಒತ್ತಿದರೆ ಲೋಹ ಲೋಹಕ್ಕೆ ಎಷ್ಟು ಬಿಗಿಯಾಗಿ ಕೂರುತ್ತದೆಂದರೆ ನಡುವೆ ಗಾಳಿಗೂ ಜಾಗವಿರುವುದಿಲ್ಲ, ಹಾಗಾಗಿ ಕಿಲುಬೂ ಹಿಡಿಯುವುದಿಲ್ಲ. ನಿಜವಾದ ವಿಮಾನಗಳ ವೈರಿಂಗಿನಲ್ಲಿ ಹೆಚ್ಚಾಗಿ ಬಳಸುವುದು ಈ ವಿಧಾನವನ್ನೇ. ನನ್ನ ಮತವೂ ಇದಕ್ಕೇ. ಟರ್ಮಿನಲ್, ಅದು ಕೂರುವ ಪ್ಲಾಸ್ಟಿಕ್ ಗೂಡು, ಇಕ್ಕಳ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಎಲ್ಲಿಂದಾದರೂ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ನಡೆದು ಹೋಗಬಹುದು.

ಇನ್ನೊಂದು ದಾರಿ ನಡುವಿನ ತುಂಡು ತೆಗೆದು ತುದಿಗಳನ್ನು ಸೋಲ್ಡರ್ ಮಾಡುವುದು. ತವರ 63 ಪಾಲು, ಸೀಸ 37 ಪಾಲು ಬೆರೆಸಿದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಾಯಿಸಿದಾಗ ಹೊಗೆಯಾಡುವುದು ಅದರೊಳಗಿನ ಪೈನ್ ಮರದ ರಾಳ, ತಾಮ್ರದ ಮೇಲಿನ ಕೊಳೆಪದರವನ್ನು ಅದು ತೆಗೆಯುತ್ತದೆ. ಮೂರು ಎಳೆಗಳನ್ನೂ ಒಂದೇ ಜಾಗದಲ್ಲಿ ಕತ್ತರಿಸಬೇಡಿ, ಒಂದೊಂದು ಸೆಂಟಿಮೀಟರು ಹಿಂದೆಮುಂದೆ ಮಾಡಿ. ಆಗ ಒಂದರ ಬೆಸುಗೆ ಇನ್ನೊಂದಕ್ಕೆ ತಾಗುವುದಿಲ್ಲ, ವೈರು ಒಂದೇ ಕಡೆ ಗಂಟಾಗುವುದಿಲ್ಲ. ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವನ್ನು ಬೆಸೆಯುವುದಕ್ಕೆ ಮೊದಲೇ ವೈರಿಗೆ ತೂರಿಸಿಡಿ, ಬೆಸೆದ ಮೇಲೆ ತೂರಿಸಲು ತುದಿಯೇ ಇರುವುದಿಲ್ಲ. ಬೆಸುಗೆಯ ಜಾಗ ಗಟ್ಟಿ, ಪಕ್ಕದ ವೈರು ಮೆತ್ತಗೆ. ಮೋಟಾರಿನ ನಡುಕಕ್ಕೆ ಎಳೆಗಳು ಮುರಿಯುವುದು ಈ ಎರಡರ ಗಡಿಯಲ್ಲೇ, ಆದ್ದರಿಂದ ಆ ಭಾಗ ಅಲುಗಾಡದಂತೆ ಟೇಪಿನಿಂದ ಗೋಡೆಗೆ ಅಂಟಿಸಿ.

ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ, ಕನೆಕ್ಟರಿನ ಪಕ್ಕಪಕ್ಕದ ಪಿನ್ನುಗಳನ್ನು ಮುಟ್ಟಿಸಿ ನೋಡಿ. ಬೀಪ್ ಬಂದರೆ ಎಲ್ಲೋ ತಾಗಿಕೊಂಡಿದೆ, ಬ್ಯಾಟರಿ ಜೋಡಿಸಬೇಡಿ. ಕೆಂಪು ನಡುವೆಯೇ ಇದೆಯೇ ಎಂದು ಇನ್ನೊಮ್ಮೆ ನೋಡಿ.

ಕತ್ತರಿ ಹಿಡಿಯುವ ಮೊದಲು ಬ್ಯಾಟರಿ ಬಿಚ್ಚಿ ಪಕ್ಕಕ್ಕಿಡಿ. ವಿಮಾನಕ್ಕೆ ಹಾಕುವ ಲಿಪೋ ಬ್ಯಾಟರಿಯ ವೈರುಗಳನ್ನು ಗಿಡ್ಡ ಮಾಡುವ ಕೆಲಸಕ್ಕೆ ಮಕ್ಕಳು ಕೈ ಹಾಕಲೇಬಾರದು. ಅದರ ಎರಡು ವೈರುಗಳ ಮೇಲೆ ಒಟ್ಟಿಗೆ ಕತ್ತರಿ ಬಿದ್ದರೆ ಕತ್ತರಿಯ ಅಲಗೇ ಧನ-ಋಣಗಳನ್ನು ಜೋಡಿಸುತ್ತದೆ, ಕಿಡಿ ಹಾರಿ ಬೆಂಕಿ ಹೊತ್ತಿಕೊಳ್ಳಬಹುದು. ಸೋಲ್ಡರ್ ಮಾಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ, ಕಿಟಕಿ ತೆಗೆದಿರಲಿ, ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೇ ತಿಂಡಿ. ಹಾರಿಸುವುದಕ್ಕೆ ಪಾರ್ಕು, ಬೀದಿ ಬೇಡ, ಊರಾಚೆಯ ಬಯಲಿಗೆ ದೊಡ್ಡವರ ಜೊತೆ ಅನುಮತಿ ಪಡೆದು ಹೋಗಿ. ಮತ್ತೆ, ಮೊದಲ ಸಲ ಕತ್ತರಿಸುವುದನ್ನು ಕೆಟ್ಟುಹೋದ ಹಳೆಯ ಸರ್ವೋ ಮೇಲೆ ಅಭ್ಯಾಸ ಮಾಡಿ. ಅದು ಸರಿಬಂದ ಮೇಲೆ ಹೊಸದಕ್ಕೆ ಕೈ ಹಾಕಿ.